ತಿಂಥಣಿಯ ಬಿಸಿಲಿಗೆ ಬಂದ ಜಪಾನಿ ಹಣ್ಣಿನ ಗಿಡ

2023ರ ಜನವರಿ ಕೊನೆಯ ವಾರ ನನ್ನ ಮಗ ದೆಹಲಿಯಿಂದ ರೈಲಿನಲ್ಲಿ ಯಾದಗಿರಿಗೆ ಬಂದು ಇಳಿದ. ಅಲ್ಲಿಂದ ಶಹಾಪುರ, ಸುರಪುರ ಅಂತ ಬಸ್ಸು ಬದಲಿಸುತ್ತ ತಿಂಥಣಿ ಮುಟ್ಟುವಷ್ಟರಲ್ಲಿ ಸಂಜೆಯಾಗಿತ್ತು. ಹೆಗಲಲ್ಲಿ ಮಿಲಿಟರಿ ಚೀಲ, ಕೈಯಲ್ಲಿ ಗೋಣಿತಟ್ಟಿನಲ್ಲಿ ಸುತ್ತಿದ ಉದ್ದನೆಯ ಗಂಟು. ಬಂದೂಕೇ ಮನೆಗೆ ತಂದನೇನೋ ಎಂದು ನನಗೆ ಎದೆ ಧಸಕ್ಕೆಂದಿತು. ಬಿಚ್ಚಿದರೆ ಮೂರು ಒಣ ಕಡ್ಡಿ. ಎಲೆ ಇಲ್ಲ, ಚಿಗುರಿಲ್ಲ, ಬೇರು ಕಾಡಿಗೆ ಹಚ್ಚಿದ ಹಾಗೆ ಕಪ್ಪಗೆ.

“ಯವ್ವಾ, ಇದು ಅಪ್ಪನ ಗಿಡ” ಅಂದ.

ಅವನು ಸೈನ್ಯದಲ್ಲಿದ್ದಾನೆ. ಅದರ ಹಿಂದಿನ ಜನವರಿಯಲ್ಲಿ ನಮ್ಮ ಯಜಮಾನರು ಹೋದಾಗ ಅವನಿದ್ದ ಕಡೆ ಹಿಮ ಬಿದ್ದು ದಾರಿ ಬಂದಾಗಿತ್ತು. ಅವನು ಊರು ಮುಟ್ಟಿದ್ದು ಐದನೆಯ ದಿನ. ಮಣ್ಣಿಗೂ ಸಿಗಲಿಲ್ಲ, ಮುಖಕ್ಕೂ ಸಿಗಲಿಲ್ಲ. ಆ ಮಾತು ಅವನು ನನ್ನ ಮುಂದೆ ಒಂದು ಸಲವೂ ಎತ್ತಿಲ್ಲ. ವರ್ಷದ ಕಾರ್ಯಕ್ಕೆ ಬರುವಾಗ ಕುಲು ಕಡೆಯ ನರ್ಸರಿಯಿಂದ ಈ ಗಿಡ ತಂದಿದ್ದ. ಹೀಗಿರುವಾಗ “ಇದು ನಮ್ಮ ಬಿಸಿಲಿಗೆ ಬದುಕೋದಲ್ಲಪ್ಪ” ಎಂದು ಯಾವ ಬಾಯಿಂದ ಹೇಳಲಿ? ಹೇಳಲಿಲ್ಲ. ಈ ಲೇಖನ ಆ ಹೇಳದೆ ಉಳಿದ ಮಾತಿನದೂ ಹೌದು, ಗಿಡದ್ದೂ ಹೌದು.

ಹಣ್ಣಿನ ಪರಿಚಯ ನಮಗೆ ಹಿಂದಿನ ದೀಪಾವಳಿಗೇ ಆಗಿತ್ತು. ನಾಲ್ಕು ಹಣ್ಣು ತಂದಿದ್ದ. ನೋಡಲಿಕ್ಕೆ ದೊಡ್ಡ ಟೊಮ್ಯಾಟೊ, ಬಣ್ಣ ಮಾತ್ರ ಕೇಸರಿ, ತೊಟ್ಟಿನಲ್ಲಿ ನಾಲ್ಕೆಸಳಿನ ಗಟ್ಟಿ ಟೊಪ್ಪಿಗೆ. ಇಂಗ್ಲಿಷಿನಲ್ಲಿ ಪರ್ಸಿಮನ್, ಹಿಮಾಚಲದವರ ಬಾಯಲ್ಲಿ ಜಪಾನಿ ಫಲ. ದೆಹಲಿ ಕಡೆ ಇದನ್ನೇ ರಾಮಫಲ ಎಂದು ಮಾರುತ್ತಾರಂತೆ. ನಮ್ಮ ರಾಮಫಲ ಬೇರೆ, ಅದು ಸೀತಾಫಲದ ಬಳಗದ್ದು. ಹೆಸರು ಕೇಳಿ ಮೋಸ ಹೋಗಬೇಡಿ.

ಅವಸರಕ್ಕೆ ಒಂದನ್ನು ಕೊಯ್ದು ಎಲ್ಲರಿಗೂ ಹೋಳು ಕೊಟ್ಟೆ. ಅಯ್ಯೋ, ಆ ಒಗರು! ನಾಲಿಗೆಗೆ ಯಾರೋ ಅರಿವೆ ಸುತ್ತಿದ ಹಾಗೆ. ಎಂಬತ್ತು ದಾಟಿದ ನಮ್ಮ ಅತ್ತೆ ಬಾಯಿ ಚಪ್ಪರಿಸಿ, “ಇದೇನ ಮಿಲಿಟ್ರಿ ಹಣ್ಣೋ ತಮ್ಮಾ, ತುಮರಿ ಕಾಯಿ ತಿಂದ್ಹಂಗ ಆತು” ಎಂದರು. ಎಲ್ಲರೂ ನಕ್ಕೆವು. ಆ ಮಾತನ್ನು ನೆನಪಿಟ್ಟುಕೊಳ್ಳಿ, ಮುಂದೆ ಬರುತ್ತದೆ.

ತಪ್ಪು ಹಣ್ಣಿನದಲ್ಲ, ನನ್ನದು. ಪರ್ಸಿಮನ್‌ನಲ್ಲಿ ಮುಖ್ಯವಾಗಿ ಎರಡು ಜಾತಿ. ಒಂದು ಚಪ್ಪಟೆ ಆಕಾರದ್ದು, ಫುಯು ಎಂಬ ತಳಿ ಇದರಲ್ಲಿ ಹೆಸರುವಾಸಿ. ಇದನ್ನು ಸೇಬಿನ ಹಾಗೆ ಗಟ್ಟಿ ಇದ್ದಾಗಲೇ ಕೊಯ್ದು ತಿನ್ನಬಹುದು. ಇನ್ನೊಂದು ತುದಿ ಚೂಪಾದ, ಎತ್ತಿನ ಎದೆಯಾಕಾರದ್ದು, ಹಚಿಯಾ ಎಂಬ ತಳಿ ಈ ಪೈಕಿ. ಇದು ಬಣ್ಣ ಬಂದರೂ ಗಟ್ಟಿ ಇರುವ ತನಕ ಟ್ಯಾನಿನ್ ತುಂಬಿರುತ್ತದೆ, ಬಾಯಿಗಿಡಲು ಬರುವುದಿಲ್ಲ. ಪೂರ್ತಿ ಮೆತ್ತಗಾಗಿ, ಒಳಗಿನ ತಿರುಳು ಸಿಹಿ ಲೋಳೆಯಾದ ಮೇಲೆ ಚಮಚದಿಂದ ತಿನ್ನುವುದು. ಉಳಿದ ಮೂರನ್ನು ಜೋಳದ ಡಬ್ಬಿಯಲ್ಲಿ ಎರಡು ಬಾಳೆಹಣ್ಣಿನ ಜತೆ ಮುಚ್ಚಿಟ್ಟೆ. ಬಾಳೆಹಣ್ಣಿನಿಂದ ಬರುವ ಎಥಿಲಿನ್ ಎಂಬ ಅನಿಲ ಇದನ್ನೂ ಹಣ್ಣು ಮಾಡುತ್ತದೆ. ಒಂದು ವಾರಕ್ಕೆ ಮೆತ್ತಗಾದವು. ಆಮೇಲೆ ತಿಂದದ್ದು ಬೇರೆಯೇ ಹಣ್ಣು ಅನ್ನಿಸಿತು. ಖರ್ಜೂರ, ಮಾವು ಎರಡನ್ನೂ ಕಲಸಿದ ರುಚಿ. ಈಗ ದೊಡ್ಡ ಊರಿನ ಅಂಗಡಿಗಳಲ್ಲಿ ಈ ಹಣ್ಣು ಸಿಗುತ್ತದೆ, ಕೊಂಡವರು ಆಕಾರ ನೋಡಿ ತಿನ್ನಿ. ಒಗರು ಕಾಯಿಯನ್ನು ಖಾಲಿ ಹೊಟ್ಟೆಯಲ್ಲಿ ಹೆಚ್ಚು ತಿಂದರೆ ಹೊಟ್ಟೆಯಲ್ಲಿ ಗಂಟು ಕಟ್ಟುವುದೂ ಉಂಟು.

ಜಪಾನಿನಲ್ಲಿ ಈ ಒಗರು ಹಣ್ಣನ್ನೇ ಸಿಪ್ಪೆ ತೆಗೆದು, ತೊಟ್ಟಿಗೆ ದಾರ ಕಟ್ಟಿ ಸೂರಿನ ಕೆಳಗೆ ಸಾಲಾಗಿ ತೂಗುಹಾಕಿ ಒಣಗಿಸುತ್ತಾರೆ. ವಾರಗಟ್ಟಲೆ ಒಣಗಿದ ಮೇಲೆ ಹೊರಗೆ ಹಣ್ಣಿನದೇ ಸಕ್ಕರೆ ಬೆಳ್ಳಗೆ ಪುಡಿಯಾಗಿ ಬರುತ್ತದೆ. ಅವರು ಅದನ್ನು ಹೋಶಿಗಾಕಿ ಎನ್ನುತ್ತಾರೆ. ನಾವು ಮೆಣಸಿನಕಾಯಿ, ಸಂಡಿಗೆ ಒಣಗಿಸುವ ಬಿಸಿಲನ್ನು ನೋಡಿದರೆ ನಮಗೆ ಎರಡು ದಿನ ಸಾಕಾಗುತ್ತಿತ್ತೇನೋ. ಆದರೆ ಒಣಗಿಸಲು ಬಿಸಿಲಿದ್ದರೆ ಆಯಿತೇ, ಬೆಳೆಯಲು ಚಳಿ ಬೇಕಲ್ಲ.

ಸರಿ, ಗಿಡದ ಮಾತಿಗೆ ಬರೋಣ. ನೆಡುವ ಕೆಲಸವನ್ನು ಮಗ ಬಹಳ ಶ್ರದ್ಧೆಯಿಂದ ಮಾಡಿದ. ಅವನು ನರ್ಸರಿಯವರಿಂದ ಕೇಳಿ ಬರೆದುಕೊಂಡು ಬಂದದ್ದು ತಂಪು ಊರಿನ ಓದುಗರಿಗೆ ಉಪಯೋಗಕ್ಕೆ ಬರಬಹುದು, ಅದಕ್ಕೇ ಬರೆಯುತ್ತೇನೆ. ಪರ್ಸಿಮನ್ ಚಳಿಗಾಲದಲ್ಲಿ ಎಲೆ ಉದುರಿಸಿ ಮಲಗುವ ಮರ, ಮಲಗಿದಾಗಲೇ ಕಿತ್ತು ನೆಡಬೇಕು. ತಾಯಿಬೇರು ಉದ್ದ, ಆದರೆ ಪೆಡಸು, ಬಗ್ಗಿಸಿದರೆ ಮುರಿಯುತ್ತದೆ, ಗಾಳಿಗೆ ಒಣಗಿದರೆ ಮುಗಿಯಿತು. ಬೇರು ಕಪ್ಪಗಿರುವುದು ಕೊಳೆತದ್ದಲ್ಲ, ಅದರ ಸಹಜ ಬಣ್ಣವೇ ಅದು. (ನಾನು ಕೊಳೆತಿದೆ ಎಂದೇ ತಿಳಿದು ಒಂದನ್ನು ಮೂಸಿ ನೋಡಿದ್ದೆ.) ಗಿಡದಿಂದ ಗಿಡಕ್ಕೆ ಐದಾರು ಮೀಟರ್ ಜಾಗ. ಕಸಿ ಕಟ್ಟಿದ ಗಂಟು ಮಣ್ಣಿನ ಮೇಲೇ ಇರಬೇಕು. ನೆಟ್ಟ ಕೂಡಲೇ ಕಡ್ಡಿಯನ್ನು ಎರಡೂವರೆ ಮೂರು ಅಡಿಗೆ ಕತ್ತರಿಸಬೇಕು, ಇಲ್ಲದಿದ್ದರೆ ಸಣ್ಣ ಬೇರಿಗೆ ಮೇಲಿನ ಭಾರ ತಡೆಯುವುದಿಲ್ಲ. ಯೂರಿಯಾ ಗೊಬ್ಬರ ಸುರಿದರೆ ಎಲೆ ದಂಡಿಯಾಗಿ ಬಂದು ಕಾಯಿ ಉದುರುತ್ತದೆ. ಎಲ್ಲ ಸರಿಹೋದರೆ ಕಸಿ ಗಿಡ ಮೂರರಿಂದ ಐದು ವರ್ಷಕ್ಕೆ ಫಲ ಕೊಡುತ್ತದೆ.

ನಮ್ಮ ಹಿತ್ತಲಿನದು ಎರೆ ಮಣ್ಣು. ಮಳೆಗಾಲದಲ್ಲಿ ಉಬ್ಬಿ ನೀರು ಹಿಡಿಯುತ್ತದೆ, ಬೇಸಿಗೆಯಲ್ಲಿ ಕೈ ಹೋಗುವಷ್ಟು ಬಿರಿಯುತ್ತದೆ. ಅದಕ್ಕೆ ಮೂರಡಿ ಕುಣಿ ತೋಡಿ ಮರಳು, ಹಳೆಯ ತಿಪ್ಪೆ ಗೊಬ್ಬರ, ಒಂದು ಹಿಡಿ ಬೇವಿನ ಹಿಂಡಿ ಬೆರೆಸಿ, ನೆಲಕ್ಕಿಂತ ಒಂದು ಗೇಣು ಎತ್ತರ ದಿಬ್ಬ ಮಾಡಿ ನೆಟ್ಟೆವು. ಮೌನೇಶ್ವರನ ಗುಡಿಯಿಂದ ತಂದ ಚೂರು ಭಸ್ಮವನ್ನು ಅತ್ತೆ ಮೂರಕ್ಕೂ ಹಚ್ಚಿದರು. ಹಿಂದೂಗಳೂ ಮುಸಲ್ಮಾನರೂ ನಡೆದುಕೊಳ್ಳುವ ದೇವರು ನಮ್ಮ ಮೌನಪ್ಪ, ಜಪಾನಿ ಗಿಡಕ್ಕೆ ಬೇಡ ಅಂತಾನೆಯೇ? ರಜೆ ಮುಗಿಸಿಕೊಂಡು ಮಗ ಹೋದ.

ಫೆಬ್ರುವರಿ ಮುಗಿಯುವುದರೊಳಗೆ ಮೂರೂ ಚಿಗುರಿದವು! ಅಗಲವಾದ, ಎಣ್ಣೆ ಸವರಿದಂಥ ಎಲೆ. ನನಗೇ ನಂಬಿಕೆ ಬರಲಿಲ್ಲ. ದಿನವೂ ಒಂದು ಫೋಟೊ ಕಳಿಸುತ್ತಿದ್ದೆ. ಅದು ಕುಲುವಿನ ಚಳಿ ಉಂಡು ಬಂದ ಪುಣ್ಯ ಎಂದು ಆಗ ಗೊತ್ತಿರಲಿಲ್ಲ.

ಯುಗಾದಿ ಕಳೆಯಿತು. ಏಪ್ರಿಲ್‌ನಲ್ಲಿ ಎಲೆಯ ಅಂಚು ಸುಟ್ಟ ರೊಟ್ಟಿಯಂತಾಯಿತು. ಕಣಿಕೆಯಿಂದ ಹಂದರ ಹಾಕಿಸಿದೆ. ಬುಡಕ್ಕೆ ಶೇಂಗಾ ಹೊಟ್ಟು ಮುಚ್ಚಿದೆ. ಪ್ರತಿ ಗಿಡದ ಪಕ್ಕ ತೂತಿನ ಗಡಿಗೆ ಹೂತು ನೀರು ತುಂಬಿದೆ. ಹಗಲೆಲ್ಲ ಗೋಣಿತಟ್ಟು ತೋಯಿಸಿ ಸುತ್ತಲೂ ಕಟ್ಟಿದೆ. ಪಕ್ಕದ ಮನೆಯವಳು ನೋಡಿ, “ಬಾಯಾರ, ಕೂಸಿನ ಬಾಣಂತನ ಮಾಡಿದ್ಹಂಗ ಮಾಡ್ಲಿಕತ್ತೀರಲ್ರೀ” ಎಂದಳು. ಶಾಲೆಯಲ್ಲಿ ಮೂವತ್ತು ವರ್ಷ ಮಕ್ಕಳನ್ನು ನೋಡಿಕೊಂಡವಳು ನಾನು. ಮೂರು ಗಿಡ ಉಳಿಸಲು ಬರಲಿಲ್ಲ. 42 ಡಿಗ್ರಿ ದಾಟುವ ಬಿಸಿಲು, ಕೃಷ್ಣೆಯ ಬಂಡೆಗಳ ಮೇಲಿಂದ ಹಾದು ಬರುವ ಆ ಕಾದ ಗಾಳಿ. ಮೇ ಎರಡನೆಯ ವಾರಕ್ಕೆ ಒಂದು ಹೋಯಿತು, ರೋಹಿಣಿ ಮಳೆಯೊಳಗೆ ಇನ್ನೊಂದು.

“ಯವ್ವಾ, ಅಪ್ಪನ ಗಿಡ ಹೆಂಗದಾವ?”

“ಚಲೋ ಅದಾವಪ್ಪ.”

ಮಾರ್ಚ್ ತಿಂಗಳ ಫೋಟೊ ಒಂದನ್ನು ಕಳಿಸಿದೆ. ಕಳಿಸಿದ ಮೇಲೆ ಫೋನು ಮುಟ್ಟಲೂ ಮನಸ್ಸಾಗಲಿಲ್ಲ. ಅತ್ತೆ ಕಟ್ಟೆಯ ಮೇಲೆ ಕೂತು ನೋಡುತ್ತಿದ್ದರು, ಏನೂ ಅನ್ನಲಿಲ್ಲ. ಆಮೇಲೆ ವಾರಕ್ಕೊಮ್ಮೆ ಅದೇ ಪ್ರಶ್ನೆ, ಅದೇ ಉತ್ತರ. ವಿಡಿಯೊ ಕಾಲ್ ಮಾಡಿದರೆ ನೆಟ್‌ವರ್ಕ್ ಇಲ್ಲ ಎಂಬ ನೆಪ. ತಿಂಥಣಿಯಲ್ಲಿ ಆ ನೆಪ ಅರ್ಧ ಖರೆ ಇರುವುದರಿಂದ ಅವನು ನಂಬಿದ.

ಮೂರನೆಯದರ ಕಡ್ಡಿಯೂ ಒಣಗಿತ್ತು, ಆದರೆ ಜುಲೈ ಮಳೆಗೆ ಬುಡದಿಂದ ಎರಡು ಚಿಗುರು ಒಡೆದವು. ನಾನು ಕುಣಿದಾಡಿದ್ದೊಂದೇ ಬಾಕಿ. ಈ ಸಲ ಸುಳ್ಳಿಲ್ಲದ ಫೋಟೊ ಕಳಿಸಿದೆ. ನವೆಂಬರಿನಲ್ಲಿ ನಮ್ಮ ಅಣ್ಣನ ಮಗ ಬಂದ. ಭೀಮರಾಯನಗುಡಿ ಕೃಷಿ ಕಾಲೇಜಿನಲ್ಲಿ ಓದಿದ ಹುಡುಗ. ಬಗ್ಗಿ ನೋಡಿದ, ಬೆರಳಿನಿಂದ ಮಣ್ಣು ಕೆದರಿದ. “ಅತ್ತೀ, ಇದು ಕಸಿ ಗಂಟಿನ ಕೆಳಗಿಂದ ಬಂದದ. ಮ್ಯಾಲಿನ ಜಪಾನಿ ಹಣ್ಣಿನ ಕಡ್ಡಿ ಸತ್ತದ. ಇದು ಬೇರಿನ ಗಿಡ, ಅಮ್ಲೂಕ್ ಅಂತಾರ ಅದಕ್ಕ, ಅದೂ ತಂಪು ನಾಡಿನದೇ” ಎಂದ. ಕಸಿ ಗಿಡ ಸಾಕುವವರೆಲ್ಲ ಇದನ್ನು ಗಮನಿಸಬೇಕು: ಗಂಟಿನ ಕೆಳಗಿನ ಚಿಗುರು ಎಷ್ಟು ಚೆಂದ ಬಂದರೂ ಅದು ನೀವು ದುಡ್ಡು ಕೊಟ್ಟ ಗಿಡವಲ್ಲ. ಮಾವು, ಚಿಕ್ಕು, ಗುಲಾಬಿಗೂ ಇದೇ ಮಾತು.

ಚಳಿಯ ಲೆಕ್ಕ ಹೇಳಿಕೊಟ್ಟವನೂ ಅವನೇ. ಎಲೆ ಉದುರಿಸಿ ಮಲಗಿದ ಮೊಗ್ಗು ಸರಿಯಾಗಿ ಏಳಬೇಕಾದರೆ ಸುಮಾರು 7 ಡಿಗ್ರಿಗಿಂತ ಕೆಳಗಿನ ಚಳಿ ಇಷ್ಟು ತಾಸು ಎಂದು ಸಿಗಬೇಕು. ಸೇಬಿನ ಎಷ್ಟೋ ತಳಿಗಳಿಗೆ ಎಂಟುನೂರು, ಸಾವಿರ ತಾಸು ಬೇಕು. ಪರ್ಸಿಮನ್ ಪಾಪ, ನೂರು ಇನ್ನೂರು ತಾಸಿಗೆ ಒಪ್ಪಿಕೊಳ್ಳುತ್ತದೆ. ಅದಕ್ಕೇ ಹಿಮಾಚಲ, ಕಾಶ್ಮೀರ, ಉತ್ತರಾಖಂಡದ ಹಾಗೆ ದಕ್ಷಿಣದಲ್ಲಿ ನೀಲಗಿರಿಯ ಕೂನೂರು ಕಡೆಯೂ ಬೆಳೆಯುತ್ತದೆ. ನಮ್ಮಲ್ಲಿ 7 ಡಿಗ್ರಿ ಎಂದರೆ ಫ್ರಿಜ್ಜಿನ ಒಳಗಿನ ಮಾತು. ಗಿಡ ಬೇಸಿಗೆ ದಾಟಿದ್ದರೂ ಮುಂದಿನ ವರ್ಷ ಅರ್ಧಂಬರ್ಧ ಚಿಗುರಿ ಸೊರಗುತ್ತಿತ್ತು. ಬಾಣಂತನ ಸಾಲದೆ ಸತ್ತದ್ದಲ್ಲ ಎಂದು ತಿಳಿದು ಸಮಾಧಾನವಾಯಿತು, ಹೊಟ್ಟೆಯೂ ಉರಿಯಿತು.

ಹೊರಡುವಾಗ ಆ ಹುಡುಗ ಚಪ್ಪಲಿ ಮೆಟ್ಟುತ್ತ ಹೇಳಿದ: “ಇದರ ಖಾಸ್ ಬಳಗ ನಮ್ಮ ಮರಡಿಯೊಳಗ ಅದ ನೋಡ್ರಿ. ತುಮರಿ.”

ಕಟ್ಟೆಯ ಮೇಲಿದ್ದ ಅತ್ತೆ, “ನಾ ದೀಪಾಳಿಗೇ ಹೇಳಿದ್ದೆ. ಮುದುಕಿ ಮಾತು ಯಾರ ಕೇಳ್ತಾರ?” ಎಂದರು.

ತುಮರಿಯನ್ನು ಕೆಲವರು ತೂಬರೆ ಎನ್ನುತ್ತಾರೆ, ತೆಲುಗಿನವರು ತುನಿಕಿ, ಹಿಂದಿಯಲ್ಲಿ ತೇಂದು. ಬೀಡಿ ಕಟ್ಟುವುದು ಇದರ ಎಲೆಯಲ್ಲೇ, ಹಾಗಾಗಿ ಬೀಡಿ ಎಲೆ ಗಿಡ ಎಂದರೆ ಎಲ್ಲರಿಗೂ ಗೊತ್ತಾಗುತ್ತದೆ. ಶಾಸ್ತ್ರದ ಹೆಸರಿನಲ್ಲಿ ಜಪಾನಿ ಹಣ್ಣು ಡಯೋಸ್ಪೈರಸ್ ಕಾಕಿ, ನಮ್ಮ ತುಮರಿ ಡಯೋಸ್ಪೈರಸ್ ಮೆಲನೋಕ್ಸೈಲನ್. ಮೆಲನೋಕ್ಸೈಲನ್ ಎಂದರೆ ಕರಿ ಕಟ್ಟಿಗೆ. ಪಿಯಾನೊ ಮನೆಗಳಿಗೆ ಹಾಕುತ್ತಿದ್ದ ಎಬೊನಿ ಮರವೂ ಇದೇ ಕುಟುಂಬ. ತುಮರಿ ಹಣ್ಣು ಸಣ್ಣದು, ನಿಂಬೆಯಷ್ಟು ಇದ್ದರೆ ದೊಡ್ಡದು. ಬಣ್ಣ ಹಳದಿ, ತೊಟ್ಟಿನಲ್ಲಿ ಅದೇ ಟೊಪ್ಪಿಗೆ, ಕಾಯಿದ್ದಾಗ ಅದೇ ಒಗರು, ಹಣ್ಣಾದರೆ ಅದೇ ಲೋಳೆ ಸಿಹಿ. ಏಪ್ರಿಲ್, ಮೇ ತಿಂಗಳಲ್ಲಿ, ನನ್ನ ಕುಲುವಿನ ಗಿಡಗಳು ಸುಟ್ಟುಹೋದ ಅದೇ ದಿನಗಳಲ್ಲಿ ಇದು ಹಣ್ಣಾಗುತ್ತದೆ.

ಇದೇ ಬಳಗದ ಇನ್ನೊಬ್ಬನ ಹೆಸರು ಜಗಳಗಂಟಿ. ನಗಬೇಡಿ, ನಿಜ. ಅದರ ಕಟ್ಟಿಗೆ ಒಲೆಗೆ ಹಾಕಿದರೆ, ಮನೆಗೆ ತಂದರೆ ಜಗಳ ಎದ್ದೇ ಏಳುತ್ತದೆ ಎಂದು ನಂಬಿಕೆ. ನಮ್ಮತ್ತೆ ಸೌದೆ ಹೊರೆ ಬಂದರೆ ಒಂದೊಂದೇ ತೆಗೆದು ನೋಡಿ ಒಳಗೆ ಬಿಡುತ್ತಿದ್ದರು. ಆದರೂ ನಮ್ಮ ಮನೆಯಲ್ಲಿ ಜಗಳಕ್ಕೇನೂ ಕಡಿಮೆ ಇರಲಿಲ್ಲ, ಆ ಮಾತು ಬೇರೆ.

ಆ ರಾತ್ರಿ ಅತ್ತೆ ತಾವಾಗಿ ಮಾತು ತೆಗೆದರು. ನಮ್ಮ ಯಜಮಾನರು ಹುಡುಗನಿದ್ದಾಗ ಎಮ್ಮೆ ಕಾಯಲು ಹೋಗಿ ಮರಡಿ ಹೊಲದ ಬದುವಿನ ತುಮರಿ ಗಿಡದಲ್ಲೇ ಕೂತಿರುತ್ತಿದ್ದರಂತೆ. ಅಂಗಿ ಜೇಬಿನಲ್ಲಿ ಹಣ್ಣು ತುಂಬಿಕೊಂಡು ಬಂದು ಅವ್ವನ ಕೈಗೆ ಹಾಕುತ್ತಿದ್ದರಂತೆ, ಜೇಬಿನ ಕಲೆ ಹೋಗುತ್ತಿರಲಿಲ್ಲವಂತೆ. ಮೂವತ್ತೈದು ವರ್ಷ ಸಂಸಾರ ಮಾಡಿದರೂ ನನಗೆ ಇದನ್ನು ಅವರು ಹೇಳಿರಲಿಲ್ಲ.

ಮಗನಿಗೆ ಸತ್ಯ ಹೇಳಿದ್ದು 2024ರ ಫೆಬ್ರುವರಿಯಲ್ಲಿ. “ಈ ಸಲ ರಜಾಕ್ಕ ಬರೂದ್ರಾಗ ಮೊಗ್ಗಿ ಹಿಡದಿರ್ತದೇನು?” ಎಂದು ಅವನು ಕೇಳಿದಾಗ ಇನ್ನು ಆಗಲಿಲ್ಲ. ಎಲ್ಲ ಹೇಳಿದೆ. ಮೇ ತಿಂಗಳಲ್ಲೇ ಎರಡು ಹೋದವು, ಮೂರನೆಯದು ಗಂಟಿನ ಕೆಳಗಿನ ಚಿಗುರು, ಫೋಟೊ ಹಳೆಯದು. ಆ ಕಡೆ ಬಹಳ ಹೊತ್ತು ಮಾತಿಲ್ಲ. “ಮೊದಲ ಯಾಕ ಹೇಳ್ಲಿಲ್ಲ?” ಎಂದ. “ಡ್ಯೂಟಿ ಅದ” ಎಂದು ಇಟ್ಟುಬಿಟ್ಟ. ಎಂಟು ದಿನ ಫೋನಿಲ್ಲ. ಗಡಿಯಲ್ಲಿರುವ ಮಗ ಎಂಟು ದಿನ ಮಾತಾಡದಿದ್ದರೆ ತಾಯಿಗೆ ಏನಾಗುತ್ತದೆ ಎಂದು ಬರೆಯಬೇಕಾಗಿಲ್ಲ. ಒಂಬತ್ತನೆಯ ದಿನ ಕರೆ ಮಾಡಿದವನು ಗಿಡದ ಮಾತೇ ಎತ್ತದೆ “ಊಟ ಆತೇನು?” ಎಂದ.

ಮೇ ತಿಂಗಳಲ್ಲಿ ರಜೆಗೆ ಬಂದ. ಚೀಲ ಇಳಿಸಿ ಸೀದಾ ಹಿತ್ತಲಿಗೆ ಹೋಗಿ ಆ ಮೂರು ದಿಬ್ಬದ ಹತ್ತಿರ ಕುಕ್ಕರಗಾಲಿನಲ್ಲಿ ಕೂತ. ನಾನು ಹೋಗಲಿಲ್ಲ. ಮರುದಿನ ಬೆಳಿಗ್ಗೆ ಅವನ ಅಜ್ಜಿಯೇ, “ಮರಡಿ ಹೊಲಕ್ಕ ಹೋಗಿ ನಿಮ್ಮಪ್ಪನ ಗಿಡದ ಹಣ್ಣ ತಗೊಂಬಾ, ನನ್ನ ಬಾಯಿ ಕೆಟ್ಟದ” ಎಂದು ಕಳಿಸಿದರು.

ಹೋದವನಿಗೆ ಅಲ್ಲಿ ಕಂಡದ್ದು ಜೆಸಿಬಿ. ಕಾಲುವೆ ನೀರು ಬಂದಮೇಲೆ ನಮ್ಮ ತಾಲೂಕಿನಲ್ಲಿ ಜೋಳದ ಹೊಲಗಳು ಗದ್ದೆಯಾದವು, ಬದುವಿನ ಗಿಡಗಳಿಗೆ ಬೆಲೆ ಹೋಯಿತು. ನನ್ನ ಮೈದುನ ಹೊಲ ಸಮ ಮಾಡಿಸುತ್ತಿದ್ದರು. ಹುಡುಗ ಫೋನು ಮಾಡಿದ, ನಾನು ಆಟೊ ಹಿಡಿದು ಹೋದೆ. “ವೈನೀ, ಬೀಡಿ ಎಲಿ ಗಿಡಕ್ಕ ಇಷ್ಟ್ಯಾಕ್ರೀ? ಗುಂಟೆ ಜಾಗ ತಿಂತದ” ಎಂದರು. ನಾನು ವಾದ ಮಾಡಲಿಲ್ಲ. ನಿಮ್ಮಣ್ಣ ಎಮ್ಮೆ ಕಾಯುವಾಗ ಇದರಲ್ಲೇ ಕೂತಿರುತ್ತಿದ್ದರಂತಲ್ಲ ಎಂದೆ. ಅವರು ಸ್ವಲ್ಪ ಹೊತ್ತು ಮೇಲೆ ನೋಡಿದರು. “ನನ್ನೂ ಹತ್ತಿಸ್ತಿದ್ದ” ಎಂದರು. ಜೆಸಿಬಿಯವನಿಗೆ ಕೈ ಮಾಡಿ ಬದುವಿನ ಆ ಮೂಲೆ ಬಿಟ್ಟುಬಿಡಲು ಹೇಳಿದರು. ಮುಖ ಮಾತ್ರ ಗಂಟಿಕ್ಕಿಕೊಂಡೇ ಇದ್ದರು. ಗುಂಟೆ ಜಾಗ ಕಡಿಮೆ ಮಾತಲ್ಲ, ಅವರ ತಪ್ಪೂ ಇಲ್ಲ.

ಆ ದಿನ ತಂದ ಹಣ್ಣಿನ ಬೀಜವನ್ನೇ ಜೂನ್ ಮೊದಲ ಮಳೆಗೆ ಹಿತ್ತಲಿನ ಅದೇ ಕುಣಿಗಳಲ್ಲಿ ಊರಿದೆವು. ತುಮರಿ ಬೆಳೆಸುವ ಆಸೆ ಇದ್ದವರಿಗೆ ಎರಡು ಮಾತು. ದೊಡ್ಡ ಗಿಡದ ಬೇರಿನಿಂದ ಸುತ್ತಲೂ ಮರಿ ಏಳುತ್ತವೆ, ಕಿತ್ತು ತಂದು ನೆಡೋಣ ಅನ್ನಿಸುತ್ತದೆ. ನಾವೂ ಎರಡು ತಂದೆವು, ಬದುಕಲಿಲ್ಲ, ಅವು ತಾಯಿಬೇರಿನ ಆಸರೆಯಲ್ಲೇ ಇರುವಂಥವು. ಬೀಜವೇ ವಾಸಿ. ಹಣ್ಣು ತಿಂದ ಬೀಜವನ್ನು ತೊಳೆದು ಒಣಗಲು ಬಿಡದೆ, ಗಿಡ ಕಾಯಂ ಇರಬೇಕಾದ ಜಾಗದಲ್ಲೇ ಊರಬೇಕು. ಮೊದಲು ಬೇರು ಪಾತಾಳಕ್ಕಿಳಿಯುತ್ತದೆ, ಮೇಲೆ ಏನೂ ಕಾಣುವುದಿಲ್ಲ, ಸತ್ತಿತೆಂದು ಅಗೆಯಬೇಡಿ. ಆ ಬೇರು ಇಳಿಯುತ್ತದೆಂದೇ ಪ್ಲಾಸ್ಟಿಕ್ ಚೀಲದಲ್ಲಿ ಬೆಳೆಸಿ ಆಮೇಲೆ ಬದಲಿಸುವುದು ಕಷ್ಟ. ಗಂಡು ಗಿಡ, ಹೆಣ್ಣು ಗಿಡ ಸಾಮಾನ್ಯವಾಗಿ ಬೇರೆ ಬೇರೆ. ಒಂದೇ ಗಿಡ ಹಚ್ಚಿ ಹಣ್ಣಿಗೆ ಕಾದರೆ ಗಂಡಾಗಿ ನಿಂತೀತು, ನಾಲ್ಕಾರು ಇರಲಿ. ಒಂದು ಸಲ ಬೇರು ಹಿಡಿದರೆ ಬರಕ್ಕೂ ಬೆಂಕಿಗೂ ಜಗ್ಗುವ ಜಾತಿಯಲ್ಲ, ಕಡಿದರೂ ಮತ್ತೆ ಚಿಗುರುತ್ತದೆ. ಬೆಳವಣಿಗೆ ಮಾತ್ರ ಬಹಳ ನಿಧಾನ. ನನ್ನ ವಯಸ್ಸಿಗೆ ಹಣ್ಣು ತಿನ್ನುವ ಲೆಕ್ಕ ಹಾಕಿ ನೆಡುವ ಗಿಡವಲ್ಲ ಇದು.

ತುಮರಿಯ ಬೇರಿನ ಮೇಲೆ ಜಪಾನಿ ಹಣ್ಣಿನ ಕಸಿ ಕಟ್ಟಿದರೆ ಹೇಗೆ ಎಂದು ಮಗ ಫೋನಿನಲ್ಲಿ ಕೇಳಿದ. ಅಣ್ಣನ ಮಗ ನಕ್ಕ: “ಚಳಿ ಬೇಕಾದದ್ದು ಮ್ಯಾಲಿನ ಮೊಗ್ಗಿಗೆ, ಬೇರಿಗಲ್ಲ. ಬೇರ ಯಾವುದಿದ್ರೂ ಮೊಗ್ಗಿ ತನ್ನ ಲೆಕ್ಕ ಬಿಡೂದಿಲ್ಲ.”

ಇಪ್ಪತ್ತು ಬೀಜ ಊರಿದ್ದೆವು, ಹನ್ನೊಂದು ಎದ್ದವು. ಕೋಳಿ ಕೆದರಿ, ಒರಲೆ ಹತ್ತಿ, ಈಗ ಐದು ಉಳಿದಿವೆ. ವರ್ಷ ದಾಟಿದರೂ ಎತ್ತರ ಒಂದು ಗೇಣು. ಗುರುತಿಗೆಂದು ಪಕ್ಕದಲ್ಲಿ ಊರಿದ್ದು ಕುಲುವಿನಿಂದ ಬಂದ ಆ ಒಣ ಕಡ್ಡಿಗಳನ್ನೇ. ಅತ್ತೆ ದಿನಾ ಸಂಜೆ ಕೋಲೂರಿಕೊಂಡು ಬಂದು ಒಂದು ತಂಬಿಗೆ ನೀರು ಹಾಕುತ್ತಾರೆ. ಬೇಡವೆಂದರೂ ಕೇಳುವುದಿಲ್ಲ, ಈ ಜಾತಿಗೆ ಅಷ್ಟು ನೀರೂ ಬೇಡ.

ಈಗ ಫೋಟೊ ತಾರೀಖಿನ ಸಮೇತ ಹೋಗುತ್ತದೆ. ಮೊನ್ನೆ ಆಡೊಂದು ಮುಳ್ಳುಬೇಲಿ ಹಾರಿ ಬಂದು ಒಂದು ಸಸಿಯನ್ನು ಮುರಿಯಿತು, ಅದರ ಫೋಟೊವನ್ನೂ ಕಳಿಸಿದೆ. “ತಂತಿಬೇಲಿ ಹಾಕ್ಸು, ರೊಕ್ಕ ಕಳಸ್ತೀನಿ” ಎಂದ. ರೊಕ್ಕ ಬಂದಿದೆ. ಬೇಲಿ ಹಾಕುವವನು ಸೋಮವಾರ ಬರುತ್ತೇನೆ ಅಂದಿದ್ದಾನೆ.